ತಕ್ಕಡಿಗೆ ಸಿಗದ ಹೊಗೆ

ದಾವಣಗೆರೆಯ ಆನೆಕೊಂಡದಿಂದ ಬೇಸಿಗೆಯಲ್ಲಿ ಪೇಟೆಗೆ ಹೊರಟವರ ಸೆರಗು, ಕರವಸ್ತ್ರ ಮೂಗಿಗೇರುವುದು ಧೂಳಿಗೆ. ಪಿ.ಬಿ. ರಸ್ತೆಯಲ್ಲಿ ಮೆಕ್ಕೆಜೋಳದ ಲಾರಿಯ ಹಿಂದೆ ನಿಂತಾಗ ಬರುವ ಕಪ್ಪು ಹೊಗೆಯನ್ನು ಆ ಕರವಸ್ತ್ರ ತಡೆಯುವುದಿಲ್ಲ. ನಮ್ಮ ಊರಿನ ಗಾಳಿಯ ಲೆಕ್ಕವೂ ಧೂಳನ್ನೇ ನೋಡುತ್ತದೆ ಎಂಬುದು ನನ್ನ ತಕರಾರು.

2019ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿಯ ಜತೆ ದಾವಣಗೆರೆಯೂ ಇದೆ. ಗಾಳಿ ಎಷ್ಟು ಸುಧಾರಿಸಿತೆಂದು ಅಲ್ಲಿ ನೋಡುವುದು ಪಿಎಂ10, ಅಂದರೆ 10 ಮೈಕ್ರಾನ್‌ವರೆಗಿನ ಕಣಗಳ ಒಟ್ಟು ತೂಕ. ಡೀಸೆಲ್ ಹೊಗೆಯ ಎಷ್ಟೋ ಕಣಗಳು 0.1 ಮೈಕ್ರಾನ್‌ಗಿಂತ ಸಣ್ಣವು. 10 ಮೈಕ್ರಾನ್‌ನ ಒಂದೇ ಕಣದ ತೂಕಕ್ಕೆ ಸರಿಗಟ್ಟಲು ಅಂಥವು ಹತ್ತು ಲಕ್ಷ ಬೇಕು! ರಸ್ತೆ ಗುಡಿಸಿ ನೀರು ಚಿಮುಕಿಸಿದರೆ ಅಂಕಿ ಇಳಿಯುತ್ತದೆ. ಹೊಗೆ ಇದ್ದಲ್ಲೇ ಇರುತ್ತದೆ. ಈ ಕಾರ್ಯಕ್ರಮದಡಿ ದೇಶದಲ್ಲಿ ಖರ್ಚಾದ ಹಣದಲ್ಲಿ ನೂರಕ್ಕೆ 64 ರೂಪಾಯಿ ರಸ್ತೆಧೂಳಿಗೇ ಹೋಗಿದೆ ಎಂದು ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2024ರಲ್ಲಿ ಲೆಕ್ಕ ಕೊಟ್ಟಿತು.

ದಪ್ಪ ಧೂಳನ್ನು ಮೂಗು, ಗಂಟಲಿನ ಕಫ ಬಹುಮಟ್ಟಿಗೆ ಹಿಡಿಯುತ್ತವೆ. ಮಸಿಕಣ ಶ್ವಾಸಕೋಶದ ತುದಿಯ ಗಾಳಿಚೀಲಕ್ಕೇ ಇಳಿಯುತ್ತದೆ, ಅರೆಬೆಂದ ಎಣ್ಣೆಯ ವಿಷವನ್ನು ಮೈಗೆ ಅಂಟಿಸಿಕೊಂಡು. ಡೀಸೆಲ್ ಹೊಗೆ ಶ್ವಾಸಕೋಶದ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರ ಜೂನ್‌ನಲ್ಲಿ ಸಾರಿತು. ಅಮೆರಿಕದ ಹನ್ನೆರಡು ಸಾವಿರಕ್ಕೂ ಹೆಚ್ಚು ಗಣಿ ಕಾರ್ಮಿಕರ ಅಧ್ಯಯನ ಅದಕ್ಕೆ ದೊಡ್ಡ ಆಧಾರ.

ಹೊಗೆ ಎಂದರೆ ಕೆಮ್ಮು, ಉಬ್ಬಸ ಎಂದಷ್ಟೇ ನಾವು ಎಣಿಸುತ್ತೇವೆ. ಹೃದಯದ ಮಾತು ಯಾರೂ ಎತ್ತುವುದಿಲ್ಲ. ಹಿಂದೆ ಹೃದಯಾಘಾತವಾಗಿ ಚೇತರಿಸಿಕೊಂಡಿದ್ದ 20 ಗಂಡಸರಿಗೆ ಎಡಿನ್‌ಬರೋದ ವೈದ್ಯರು ಒಂದು ಗಂಟೆ ತೆಳುವಾದ ಡೀಸೆಲ್ ಹೊಗೆ ಕುಡಿಸಿ, ನಡುನಡುವೆ ಸೈಕಲ್ ತುಳಿಸಿದರು. ಶುದ್ಧ ಗಾಳಿಯಲ್ಲಿ ತುಳಿದ ದಿನಕ್ಕಿಂತ ಅವರ ಹೃದಯಕ್ಕೆ ರಕ್ತದ ಕೊರತೆ ಹೆಚ್ಚಾಗಿದ್ದು ಇಸಿಜಿಯಲ್ಲಿ ಕಂಡಿತು. ರಕ್ತದ ಹೆಪ್ಪನ್ನು ಕರಗಿಸುವ ಮೈಯ ಶಕ್ತಿಯೂ ಕುಗ್ಗಿತ್ತು. 2007ರಲ್ಲಿ ಪ್ರಕಟವಾದ ಸಂಗತಿ ಇದು. ಒಂದು ಗಂಟೆಗೆ ಇಷ್ಟಾದರೆ, ಎಪಿಎಂಸಿ ಅಂಗಳದಲ್ಲಿ ದಿನವಿಡೀ ಚೀಲ ಹೊರುವ ಹಮಾಲರ ಎದೆಯ ಗತಿಯೇನು? ಬಸ್ ನಿಲ್ದಾಣದ ಎದುರು ಮಿರ್ಚಿ-ಮಂಡಕ್ಕಿ ಮಾರುವವರದು? ಅಶೋಕ ಟಾಕೀಸ್ ಬಳಿಯ ರೈಲ್ವೆ ಗೇಟಿನಲ್ಲಿ ರೈಲಿಗಾಗಿ ಕಾಯುತ್ತಾ, ಎಂಜಿನ್ ಆರಿಸದ ಗಾಡಿಗಳ ನಡುವೆ ನಾವೇ ಎಷ್ಟು ಹೊಗೆ ಕುಡಿದಿದ್ದೇವೆ!

2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ. ಒಳ್ಳೆಯದೇ. ಆದರೆ ಅದಕ್ಕೂ ಮುಂಚಿನ ಲಾರಿಗಳು ಇನ್ನೂ ಹರಿಹರ-ದಾವಣಗೆರೆ ನಡುವೆ ಓಡುತ್ತಿವೆ.

ಮಹಾನಗರ ಪಾಲಿಕೆ, ಮಾಲಿನ್ಯ ನಿಯಂತ್ರಣ ಮಂಡಳಿಗಳು ಗುಡಿಸುವ ಯಂತ್ರದ ಜತೆಗೆ ಮಸಿ ಅಳೆಯುವ ಯಂತ್ರವನ್ನೂ ಕೊಳ್ಳಲಿ. ಅದನ್ನು ಕಚೇರಿಯ ಮಾಳಿಗೆಯ ಮೇಲಲ್ಲ, ಎಪಿಎಂಸಿ ಬಾಗಿಲಲ್ಲಿ, ಹಮಾಲರ ಮೂಗಿನ ಎತ್ತರಕ್ಕೆ ಇಡಲಿ. ಸರಕು ಇಳಿಸುವಾಗ ಎಂಜಿನ್ ಆರಿಸಬೇಕೆಂಬ ನಿಯಮ ಈ ಸುಗ್ಗಿಯ ಲಾರಿಗಳು ಬರುವ ಮುಂಚೆಯೇ ಜಾರಿಯಾಗಲಿ.