ಬದನೆಕಾಯಿ ಪುರಾಣ

ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ ಎಂಬ ಗಾದೆಯನ್ನು ಕಟ್ಟಿದ ಪುಣ್ಯಾತ್ಮನಿಗೆ, ಈ ಬಡ ಕಾಯಿ ಮುಂದೊಂದು ದಿನ ದಿಲ್ಲಿಯ ಮಂತ್ರಿಯೊಬ್ಬರನ್ನು ಊರೂರು ಅಲೆಸೀತೆಂದು ಹೊಳೆದಿರಲಾರದು. ಆದರೆ ಆದುದು ಹಾಗೆಯೇ. ೨೦೧೦ರ ಜನವರಿ, ಫೆಬ್ರವರಿಗಳಲ್ಲಿ ಆಗಿನ ಪರಿಸರ ಮಂತ್ರಿ ಜೈರಾಮ್ ರಮೇಶರು ಏಳು ನಗರಗಳಲ್ಲಿ ಸಭೆ ಕರೆದು, ಬದನೆಕಾಯಿಯ ವಿಷಯವಾಗಿ ಜನರು ಹೇಳುವುದನ್ನು ಕೇಳಿದರು. ಬಂದವರು ಸುಮಾರು ೮೦೦೦ ಮಂದಿ. ಕೊನೆಯ ಸಭೆ ನಡೆದುದು ಬೆಂಗಳೂರಿನಲ್ಲಿ, ಫೆಬ್ರವರಿ ೬ರಂದು.

ವಿವಾದದ ಮೂಲ ಒಂದು ಹುಳು. ಬದನೆಯ ಕುಡಿಯನ್ನೂ ಕಾಯನ್ನೂ ಕೊರೆಯುವ ಈ ಪ್ರಾಣಿಯ ಪರಿಚಯವನ್ನು ಗೃಹಿಣಿಯರಿಗೆ ಬೇರೆಯಾಗಿ ಮಾಡಿಕೊಡಬೇಕಾಗಿಲ್ಲ. ಹೋಳು ಮಾಡುವಾಗ ಒಳಗಿನಿಂದ ಇಣುಕುವ ಅತಿಥಿ ಇವನೇ. ಇವನ ಕಾಟಕ್ಕೆ ಹೆದರಿ ಬೆಳೆಗಾರರು ಮತ್ತೆ ಮತ್ತೆ ಕೀಟನಾಶಕ ಸಿಂಪಡಿಸುತ್ತಾರೆ. ಇದಕ್ಕೆ ಪರಿಹಾರವೆಂದು ಮಹಾರಾಷ್ಟ್ರದ ಜಾಲ್ನಾದ ಮಹಿಕೋ ಬೀಜದ ಕಂಪನಿಯು, ಮಣ್ಣಿನಲ್ಲಿರುವ ಒಂದು ಸೂಕ್ಷ್ಮಜೀವಿಯ ವಂಶವಾಹಿಯನ್ನು ಬದನೆಯೊಳಗೆ ಸೇರಿಸಿತು. ಗಿಡವೇ ಹುಳುವಿಗೆ ವಿಷವಾಯಿತು. ಬಿ.ಟಿ. ಬದನೆಯೆಂಬುದು ಇದೇ. ೨೦೦೯ರ ಅಕ್ಟೋಬರಿನಲ್ಲಿ ದಿಲ್ಲಿಯ ತಜ್ಞರ ಸಮಿತಿ ಇದಕ್ಕೆ ಒಪ್ಪಿಗೆಯನ್ನೂ ಕೊಟ್ಟಿತು.

ಸಮಿತಿಯು ಒಪ್ಪಿದ ಮೇಲೆ ಮಂತ್ರಿ ಏಕೆ ಅಲೆಯಬೇಕಾಯಿತು? ಇದರ ಹಿಂದೆ ರೈತರು, ಬೀಜ ಕಾಯುವವರು, ವೈದ್ಯರು, ಬಳಕೆದಾರರು ವರ್ಷಗಟ್ಟಲೆ ಮಾಡಿದ ಕೆಲಸವಿದೆ. ಕರ್ನಾಟಕದಲ್ಲಿ ಈ ಜಗಳ ಹಳೆಯದು. ೧೯೯೮ರ ನವೆಂಬರಿನಲ್ಲಿ ಪ್ರೊಫೆಸರ್ ನಂಜುಂಡಸ್ವಾಮಿಯವರ ರೈತಸಂಘವು ರಾಯಚೂರು ಸೀಮೆಯಲ್ಲಿ ಪ್ರಯೋಗದ ಹತ್ತಿಗೆ ಬೆಂಕಿಯಿಟ್ಟಾಗ, ಹೊಲದೊಡೆಯನಿಗೇ ಬೀಜದ ಗುಟ್ಟು ತಿಳಿಸಿರಲಿಲ್ಲವೆಂಬುದು ದೂರಾಗಿತ್ತು. ಬೆಂಕಿಯ ಚಿತ್ರ ಪತ್ರಿಕೆಗಳಲ್ಲಿ ಬರುತ್ತದೆ. ಅರ್ಜಿಯ ಚಿತ್ರ ಬರುವುದಿಲ್ಲ. ಆದರೆ ಬದನೆಯ ವಿಷಯದಲ್ಲಿ ಹೆಚ್ಚು ಫಲ ಕೊಟ್ಟುದು ಅರ್ಜಿಯೇ. ಇಲಿಗೆ, ಮೊಲಕ್ಕೆ, ಆಡಿಗೆ ತಿನ್ನಿಸಿ ಮಾಡಿದ ಪರೀಕ್ಷೆಗಳ ವಿವರವನ್ನು ಕೊಡಿರೆಂದು ಮಾಹಿತಿ ಹಕ್ಕಿನ ಕಾಯಿದೆಯ ಮೇರೆಗೆ ಕೇಳಿದರು. ಅದು ವ್ಯಾಪಾರದ ಗುಟ್ಟೆಂಬ ಉತ್ತರ ಬಂದಿತು. ಬಿಡದೆ ಮೇಲ್ಮನವಿ ಮಾಡಿ, ೨೦೦೮ರಲ್ಲಿ ಆ ಕಡತಗಳನ್ನು ಬಯಲಿಗೆ ತರಿಸಿದರು. ಮಾರುವವನೇ ಪರೀಕ್ಷೆಯನ್ನೂ ಮಾಡಿಸಿದರೆ ಅದನ್ನು ಎಷ್ಟು ನಂಬಬಹುದೆಂಬ ಪ್ರಶ್ನೆ ಅಲ್ಲಿಂದ ಬಲಗೊಂಡಿತು. ಎರಡು ವರ್ಷಗಳ ತರುವಾಯ ಮಂತ್ರಿಯೂ ಅದನ್ನೇ ಎತ್ತಿದರು.

ಕನ್ನಡಿಗರಿಗೆ ಇದರಲ್ಲಿ ಮನೆಯ ಮಾತೂ ಒಂದಿತ್ತು. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಈ ವಂಶವಾಹಿಯನ್ನು ಸೇರಿಸಿದ ತಳಿಗಳಲ್ಲಿ ಕುಡಚಿ, ರಬಕವಿ, ಉಡುಪಿಗಳ ಹೆಸರಿನವೂ ಇದ್ದವು. ಉಡುಪಿಯ ಬಳಿಯ ಮಟ್ಟು ಗ್ರಾಮದಲ್ಲಿ ಬೆಳೆಯುವ ದುಂಡನೆಯ, ತಿಳಿಹಸಿರು ಗುಳ್ಳವನ್ನು ಹುಳಿಯಲ್ಲಿ ಉಂಡವರು ಮರೆಯಲಾರರು. ಅದರ ಬೀಜವನ್ನು ಸೋದೆಯ ವಾದಿರಾಜರು ಕೊಟ್ಟರೆಂಬುದು ಅಲ್ಲಿಯ ನಂಬಿಕೆ. ಪರ್ಯಾಯದ ಅಡುಗೆಗೆ ಅದು ಬೇಕೇ ಬೇಕು. ಬದನೆಯ ಹೂವಿಗೆ ಜೇನ್ನೊಣ ಕೂರುತ್ತದೆ. ನೊಣಕ್ಕೆ ಬೇಲಿಯ ಲೆಕ್ಕವಿಲ್ಲ. ಪಕ್ಕದ ಹೊಲದ ಪರಾಗ ಬೆರೆತ ಮೇಲೆ ಗುಳ್ಳವು ಗುಳ್ಳವಾಗಿಯೇ ಉಳಿದೀತೆ ಎಂದು ಬೆಳೆಗಾರರು ಕಳವಳಪಟ್ಟುದು ಸಹಜವೇ ಆಗಿದೆ. ಊರಿನ ತಳಿಗಳನ್ನು ಬಳಸುವಾಗ ಜೀವವೈವಿಧ್ಯದ ಕಾಯಿದೆಯಂತೆ ಅಪ್ಪಣೆ ಪಡೆದಿಲ್ಲವೆಂದು ಬೆಂಗಳೂರಿನ ಪರಿಸರ ಸಂಸ್ಥೆಯೊಂದು ದೂರು ಕೊಟ್ಟು, ೨೦೧೨ರಲ್ಲಿ ಅದು ಧಾರವಾಡದ ನ್ಯಾಯಾಲಯದವರೆಗೂ ಹೋಯಿತು. ಮಟ್ಟು ಗುಳ್ಳಕ್ಕೆ ೨೦೧೧ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತೆಂಬುದು ಸಮಾಧಾನದ ಸಂಗತಿ.

ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಅವಸರ ಬೇಡವೆಂದವು. ೨೦೧೦ರ ಫೆಬ್ರವರಿ ೯ರಂದು ಮಂತ್ರಿಗಳು ಬಿ.ಟಿ. ಬದನೆಯನ್ನು ತಡೆಹಿಡಿದರು.

ಗೆದ್ದವರು ಹಾರ ಹಾಕಿಸಿಕೊಂಡರು. ಹುಳುವಾದರೋ ತನ್ನ ಪಾಡಿಗೆ ತಾನು ಕೊರೆಯುತ್ತಲೇ ಇದ್ದಿತು. ಇದನ್ನು ಮುಚ್ಚಿಡುವುದು ನ್ಯಾಯವಲ್ಲ. ನೆರೆಯ ಬಾಂಗ್ಲಾದೇಶವು ೨೦೧೩ರಲ್ಲಿ ಇದೇ ಬಗೆಯ ಬದನೆಗೆ ಒಪ್ಪಿಗೆಯಿತ್ತಿತು. ಅಲ್ಲಿ ಕೀಟನಾಶಕದ ಬಳಕೆ ತಗ್ಗಿತೆಂದು ಅಧ್ಯಯನಗಳು ಹೇಳುತ್ತವೆ. ಬೆನ್ನಿಗೆ ವಿಷದ ಡಬ್ಬಿ ಕಟ್ಟಿಕೊಂಡು ಸಾಲಿನಲ್ಲಿ ನಡೆಯುವ ಕೂಲಿಯಾಳಿಗೆ ಘೋಷಣೆಯಿಂದ ಏನು ಪ್ರಯೋಜನ? ಬಾಡಿದ ಕುಡಿಗಳನ್ನು ಚಿವುಟಿ ಸುಡುವುದು, ಗಂಡು ಪತಂಗಗಳನ್ನು ಸೆಳೆಯುವ ಬಲೆಗಳನ್ನು ನೆಡುವುದು, ಬೇವಿನ ಹಿಂಡಿ ಹಾಕುವುದು, ಇವೆಲ್ಲ ಫಲ ಕೊಡುವ ಉಪಾಯಗಳೇ. ಆದರೆ ಅವಕ್ಕೆ ಗಿಡಗಿಡವನ್ನೂ ನೋಡುವ ಕಣ್ಣು ಬೇಕು, ಸುತ್ತಲಿನ ಹೊಲದವರೂ ಕೂಡಿ ಮಾಡಬೇಕು. ಹಳ್ಳಿಗಳಲ್ಲಿ ಆ ಕಣ್ಣುಗಳು ಬಹುಮಟ್ಟಿಗೆ ಹೆಂಗಸರವು. ಅವರಿಗೆ ಕೂಲಿ ಕಟ್ಟುವಷ್ಟು ಬೆಲೆಯನ್ನು ಪೇಟೆಯ ತಕ್ಕಡಿ ಕೊಡುವುದಿಲ್ಲ. ಹುಳುಕೂ ಇರಬಾರದು, ವಿಷವೂ ಇರಬಾರದು, ಬೆಲೆಯೂ ಏರಬಾರದು ಎನ್ನುವ ಗಿರಾಕಿಯೂ ಈ ಪುರಾಣದಲ್ಲಿ ಒಬ್ಬ ಪಾತ್ರಧಾರಿಯೇ.

ಈಗ ಸಾಸಿವೆಯ ಸರದಿ. ೨೦೨೨ರಲ್ಲಿ ಅದೇ ಸಮಿತಿಯು ಕುಲಾಂತರಿ ಸಾಸಿವೆಗೆ ಒಪ್ಪಿಗೆ ಕೊಟ್ಟಿತು. ೨೦೨೪ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಆ ಒಪ್ಪಿಗೆಯ ಬಗ್ಗೆ ಭಿನ್ನ ತೀರ್ಪು ಕೊಟ್ಟರು. ಒಂದು ಮಾತಿನಲ್ಲಿ ಮಾತ್ರ ಇಬ್ಬರಿಗೂ ಒಮ್ಮತವಿತ್ತು: ಕುಲಾಂತರಿ ಬೆಳೆಗಳಿಗೆ ಕೇಂದ್ರ ಸರ್ಕಾರವು ರಾಷ್ಟ್ರೀಯ ನೀತಿಯೊಂದನ್ನು ರೂಪಿಸಬೇಕು, ರೂಪಿಸುವ ಮೊದಲು ರಾಜ್ಯಗಳನ್ನೂ ರೈತರನ್ನೂ ಕೇಳಬೇಕು.