ಸಿರಿಯಾದ ಅಂತರ್ಯುದ್ಧ ಮತ್ತು ನಿರಾಶ್ರಿತ ಮಕ್ಕಳು

ಸಿರಿಯಾದ ಅಂತರ್ಯುದ್ಧವು 2011ರಲ್ಲಿ ಆರಂಭವಾಗಿ, 2024ರ ಡಿಸೆಂಬರ್ 8ರಂದು ಬಷರ್ ಅಲ್-ಅಸಾದ್ ಸರ್ಕಾರ ಪತನವಾಗುವವರೆಗೆ ಮುಂದುವರಿದ ಸಶಸ್ತ್ರ ಸಂಘರ್ಷ. ಯುದ್ಧಕ್ಕೆ ಮುನ್ನ ದೇಶದ ಜನಸಂಖ್ಯೆ 2 ಕೋಟಿಗೂ ಹೆಚ್ಚಿತ್ತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಜನರು ನೆಲೆ ಕಳೆದುಕೊಂಡರು. ನೆರೆಯ ದೇಶಗಳಲ್ಲಿ ಆಶ್ರಯ ಪಡೆದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮಕ್ಕಳು.

ಹಿನ್ನೆಲೆ

2011ರ ಆರಂಭದಲ್ಲಿ ದರಾ ನಗರದ ಶಾಲೆಯೊಂದರ ಗೋಡೆಯ ಮೇಲೆ ಸರ್ಕಾರದ ವಿರುದ್ಧ ಬರೆದ ಆರೋಪದ ಮೇಲೆ ಹದಿಹರೆಯದ ಹುಡುಗರನ್ನು ಬಂಧಿಸಿ ಹಿಂಸಿಸಲಾಯಿತು. ಇದನ್ನು ಖಂಡಿಸಿ ನಡೆದ ಪ್ರತಿಭಟನೆಗಳನ್ನು ಬಲಪ್ರಯೋಗದಿಂದ ಹತ್ತಿಕ್ಕಿದ್ದು ಮುಂದೆ ಯುದ್ಧಕ್ಕೆ ಎಡೆಮಾಡಿತು. 2013ರ ಆಗಸ್ಟ್ ವೇಳೆಗೆ ನಿರಾಶ್ರಿತ ಮಕ್ಕಳ ಸಂಖ್ಯೆಯೇ 10 ಲಕ್ಷ ತಲುಪಿತ್ತು.

ಆರೋಗ್ಯ

ಆಸ್ಪತ್ರೆಗಳ ನಾಶ ಹಾಗೂ ಲಸಿಕೆ ಕಾರ್ಯಕ್ರಮದ ಕುಸಿತದಿಂದ, 1999ರ ನಂತರ ದೇಶದಲ್ಲಿ ಕಾಣಿಸಿಕೊಂಡಿರದ ಪೋಲಿಯೊ 2013ರಲ್ಲಿ ದೈರ್ ಅಲ್-ಝೋರ್ ಪ್ರಾಂತ್ಯದಲ್ಲಿ ಮರಳಿತು. ಅಂದರೆ, ಗುಂಡು ಮತ್ತು ಬಾಂಬುಗಳಿಂದ ಪಾರಾದ ಮಕ್ಕಳಿಗೂ ಯುದ್ಧದ ಪರಿಣಾಮ ತಪ್ಪಲಿಲ್ಲ.

ಶಿಕ್ಷಣ

ಸಿರಿಯಾದಲ್ಲಿ ಎಲ್ಲ ವಿಷಯಗಳನ್ನೂ ಅರಬ್ಬಿ ಭಾಷೆಯಲ್ಲಿ ಕಲಿಸಲಾಗುತ್ತಿತ್ತು. ಲೆಬನಾನಿನ ಶಾಲೆಗಳಲ್ಲಿ ಗಣಿತ ಮತ್ತು ವಿಜ್ಞಾನದ ಬೋಧನೆ ಇಂಗ್ಲಿಷ್ ಅಥವಾ ಫ್ರೆಂಚ್‌ನಲ್ಲಿ ನಡೆಯುವುದರಿಂದ ಅಲ್ಲಿಗೆ ಹೋದ ಮಕ್ಕಳು ಪಾಠ ಅರ್ಥವಾಗದೆ ಹಿಂದುಳಿದರು. ಲೆಬನಾನ್ ಮತ್ತು ಜೋರ್ಡಾನ್ ಸರ್ಕಾರಗಳು ಅವರಿಗಾಗಿ ಮಧ್ಯಾಹ್ನದ ಎರಡನೆಯ ಪಾಳಿಯ ತರಗತಿಗಳನ್ನು ಆರಂಭಿಸಿದವು. ಆದರೆ ವಯಸ್ಕರಿಗೆ ಕಾನೂನುಬದ್ಧ ಉದ್ಯೋಗದ ಅವಕಾಶ ಸೀಮಿತವಾಗಿದ್ದುದರಿಂದ ಕುಟುಂಬದ ಹೊರೆ ಮಕ್ಕಳ ಮೇಲೆ ಬಿತ್ತು. ಹುಡುಗರು ಹೊಲ, ಕಾರ್ಖಾನೆಗಳಲ್ಲಿ ದುಡಿಮೆಗೆ ಇಳಿದರು. ಹುಡುಗಿಯರಲ್ಲಿ ಬಾಲ್ಯವಿವಾಹ ಹೆಚ್ಚಿತು.

ಕಾನೂನಿನ ಸ್ಥಾನಮಾನ

ಲೆಬನಾನ್ ಮತ್ತು ಜೋರ್ಡಾನ್ 1951ರ ನಿರಾಶ್ರಿತರ ಒಪ್ಪಂದಕ್ಕೆ ಸೇರಿಲ್ಲ. ಟರ್ಕಿಯು ಸೇರಿದ್ದರೂ, ಯುರೋಪಿನ ಘಟನೆಗಳಿಂದ ನಿರಾಶ್ರಿತರಾದವರಿಗೆ ಮಾತ್ರ ಅದನ್ನು ಅನ್ವಯಿಸುತ್ತದೆ. ಸಿರಿಯನ್ನರಿಗೆ ತಾತ್ಕಾಲಿಕ ರಕ್ಷಣೆಯನ್ನಷ್ಟೇ ನೀಡಿತು. ದೇಶದ ಹೊರಗೆ ಹುಟ್ಟಿದ ಶಿಶುಗಳ ಸ್ಥಿತಿ ಇನ್ನಷ್ಟು ಜಟಿಲ. ಸಿರಿಯಾದ ಕಾನೂನಿನಲ್ಲಿ ಪೌರತ್ವವು ಮುಖ್ಯವಾಗಿ ತಂದೆಯ ಮೂಲಕ ಬರುತ್ತದೆ. ತಂದೆ ಮೃತಪಟ್ಟಿದ್ದರೆ ಅಥವಾ ಕಾಣೆಯಾಗಿದ್ದರೆ, ವಿವಾಹದ ದಾಖಲೆ ಯುದ್ಧದಲ್ಲಿ ಕಳೆದುಹೋಗಿದ್ದರೆ, ಮಗುವಿನ ಪೌರತ್ವವನ್ನು ಸಾಬೀತುಪಡಿಸುವುದು ಕಷ್ಟವಾಗುತ್ತದೆ. ಇಂತಹ ಮಕ್ಕಳು ಯಾವ ದೇಶಕ್ಕೂ ಸೇರದವರಾಗುವ ಅಪಾಯವಿದೆ.

ಮರಳುವಿಕೆ

2024ರ ಡಿಸೆಂಬರ್ ನಂತರ ಲಕ್ಷಾಂತರ ನಿರಾಶ್ರಿತರು ಸ್ವದೇಶಕ್ಕೆ ಮರಳಿದ್ದಾರೆ. ಹೊಲ ಹಾಗೂ ಕುಸಿದ ಕಟ್ಟಡಗಳಲ್ಲಿ ಉಳಿದಿರುವ ನೆಲಬಾಂಬು ಮತ್ತು ಸಿಡಿಯದ ಮದ್ದುಗುಂಡುಗಳು ಆಡುವ ಮಕ್ಕಳ ಜೀವಕ್ಕೆ ಕುತ್ತಾಗಿವೆ. ಟರ್ಕಿಯಲ್ಲಿ ಬೆಳೆದ ಅನೇಕ ಮಕ್ಕಳಿಗೆ ಮಾತನಾಡುವ ಅರಬ್ಬಿ ತಿಳಿದಿದ್ದರೂ ಅದನ್ನು ಓದಿ ಬರೆಯಲು ಬಾರದು. ಹೆತ್ತವರಿಗೆ ಇದು ತವರಿಗೆ ಮರಳುವುದಾದರೆ, ಹೊರದೇಶದಲ್ಲಿ ಹುಟ್ಟಿದ ಮಕ್ಕಳಿಗೆ ಇದು ಮತ್ತೊಂದು ವಲಸೆಯಾಗಿದೆ.