ಹಾಲಿನ ಲೋಟಕ್ಕೆ ಕೈ ಹಾಕುವ ಮೊದಲು ಬಡ್ಡಿಯ ಲೆಕ್ಕ ತೆಗೆಯಿರಿ

ಕಳೆದ ಮಳೆಗಾಲದಲ್ಲಿ ಹಾವೇರಿ ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿಯಲ್ಲಿ ಆರ್ಥಿಕ ಸಾಕ್ಷರತೆ ಶಿಬಿರ ನಡೆಯಿತು. ವರದಿಗೆಂದು ನಾವೂ ಹೋಗಿದ್ದೆವು. ಪಟ್ಟಣದಿಂದ ಕಾರಿನಲ್ಲಿ ಬಂದಿದ್ದ ಉಪನ್ಯಾಸಕರು ಮೈಕ್ ಹಿಡಿದು ಹೇಳಿದರು: "ಸಾಲದಿಂದ ಹೊರಗೆ ಬರಬೇಕಾದರೆ ಮೊದಲು ಮನೆ ಖರ್ಚು ಕಡಿಮೆ ಮಾಡಬೇಕು ತಾಯಂದಿರೇ. ಹೋಟೆಲ್ ಊಟ ಬಿಡಿ. ಆನ್‌ಲೈನ್ ಖರೀದಿ ಬಿಡಿ. ಸಂಬಳ ಬಂದ ದಿನವೇ ನೂರಕ್ಕೆ ಇಪ್ಪತ್ತು ತೆಗೆದಿಡಿ."

ಹಿಂದಿನ ಸಾಲಿನಿಂದ ಒಬ್ಬ ಹೆಣ್ಣುಮಗಳು ಎದ್ದು ನಿಂತಳು. "ನಮಗ ಸಂಬಳ ಬರೂದಿಲ್ರೀ ಸರ. ಚಾದಂಗಡಿ ಐತಿ, ನಾ ಹೊಲಿಗಿ ಮಾಡ್ತೀನಿ. ಹೋಟೆಲ್ ಊಟ ಕಂಡಿಲ್ಲ. ಏನ್ ಕಡಿಮಿ ಮಾಡ್ಲಿ, ನೀವ ಹೇಳ್ರೀ. ಹುಡುಗರ ಹಾಲು ಬಿಡಸ್ಲೇನ್ರೀ?"

ಉಪನ್ಯಾಸಕರು ನಕ್ಕರು. "ಸದ್ಯಕ್ಕೆ ಅದನ್ನೂ ಅರ್ಧ ಮಾಡಿ ಅಮ್ಮಾ. ಸಾಲ ತೀರಿದ ಮೇಲೆ ಕುಡಿಸಿ."

ಮಾರನೆಯ ದಿನ ನಾವು ಕಳಿಸಿದ ವರದಿ ಆರು ಸಾಲಿನದು. 'ದುಂದುವೆಚ್ಚ ತಗ್ಗಿಸಲು ಸಲಹೆ' ಎಂಬ ತಲೆಬರಹ ಬಂತು. ಆಕೆಯ ಪ್ರಶ್ನೆ ಅದರಲ್ಲಿ ಇರಲಿಲ್ಲ. ಆ ಬಾಕಿ ತೀರಿಸಲೆಂದೇ ಇವತ್ತು ಬರೆಯುತ್ತಿದ್ದೇವೆ.

ಶಿಬಿರ ಮುಗಿದ ವಾರ ನಾವು ಅವರ ಅಂಗಡಿಗೆ ಹೋಗಿ ಕುಳಿತು, ಗಂಡ ಹೆಂಡತಿ ಇಬ್ಬರನ್ನೂ ಕೇಳಿ ಲೆಕ್ಕ ಬರೆದೆವು. ಹೆಸರು ಬೇಡ ಅಂದರು, ಲೆಕ್ಕ ಬರೆಯಿರಿ ಅಂದರು. ಅಂಗಡಿಯ ಹಾಲು, ಸಕ್ಕರೆ, ಗ್ಯಾಸ್ ಕಳೆದು, ಹೊಲಿಗೆಯದೂ ಸೇರಿ ಒಳ್ಳೆಯ ತಿಂಗಳಲ್ಲಿ ಕೈಗೆ 18,000 ರೂಪಾಯಿ ಉಳಿಯುತ್ತದೆ. ಮಳೆ ಹಿಡಿದರೆ, ಆಷಾಢ ಬಂದರೆ 11,000. ಇನ್ನು ಸಾಲ ನೋಡಿ.

ಸಂಘದ ಸಾಲ, ಅಂದರೆ ಮೈಕ್ರೋಫೈನಾನ್ಸ್‌ನದು: ವಾರಕ್ಕೆ 650, ತಿಂಗಳಿಗೆ 2,600.
ಊರಿನ ಖಾಸಗಿ ಫೈನಾನ್ಸ್‌ನ 50,000: ತಿಂಗಳ ಕಂತು 2,583.
ಅಂಗಡಿ ಮುಂದೆ ಬಂದು ವಸೂಲು ಮಾಡುವ ದಿನದ ಫೈನಾನ್ಸ್: ದಿನಕ್ಕೆ 100, ತಿಂಗಳಿಗೆ 3,000.
ಪರಿಚಯದವರ ಕೈಸಾಲ 20,000, ನೂರಕ್ಕೆ ಐದು ರೂಪಾಯಿ ಬಡ್ಡಿ: ತಿಂಗಳಿಗೆ ಬಡ್ಡಿಯೇ 1,000.

ಒಟ್ಟು 9,183 ರೂಪಾಯಿ. ಒಳ್ಳೆಯ ತಿಂಗಳಲ್ಲೇ ದುಡಿಮೆಯ ಅರ್ಧಕ್ಕಿಂತ ಹೆಚ್ಚು. ಮಳೆಯ ತಿಂಗಳಲ್ಲಿ ಎಲ್ಲ ಕಂತು ಕಟ್ಟಿದ ಮೇಲೆ ಉಳಿಯುವುದು 1,817. ನಾಲ್ಕು ಜನರ ಹೊಟ್ಟೆ, ಕರೆಂಟು, ಅತ್ತೆಯ ಬಿಪಿ ಮಾತ್ರೆ, ಶಾಲೆ ಎಲ್ಲ ಅದರಲ್ಲೇ. ಅಕ್ಕಿ ಸೊಸೈಟಿಯಲ್ಲಿ ಬರುತ್ತದೆ. ಗೃಹಲಕ್ಷ್ಮಿಯ 2,000 ಖಾತೆಗೆ ಬಂದ ದಿನವೇ ಕಂತಿಗೆ ಹೋಗುತ್ತದೆ. ಈ ಮನೆಯವರಿಗೆ ಹೇಳಿದ ಬುದ್ಧಿಮಾತು, ಹಾಲು ಅರ್ಧ ಮಾಡಿ. ದಿನಕ್ಕೆ ಅರ್ಧ ಲೀಟರ್ ಹಾಲಿಗೆ ತಿಂಗಳಿಗೆ ಸುಮಾರು 700 ರೂಪಾಯಿ. ಅರ್ಧ ಮಾಡಿದರೆ ಉಳಿಯುವುದು 350.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಗಾದೆ ಸುಳ್ಳಲ್ಲ. ಆದರೆ ಸ್ವಂತ ದುಡಿಮೆಯವರ ಹಾಸಿಗೆ ತಿಂಗಳಿಗೊಂದು ಅಳತೆ. ಕಂತಿನ ಅಳತೆ ಮಾತ್ರ ಬದಲಾಗುವುದಿಲ್ಲ. ಮಳೆ ಬಂದರೂ ಸೋಮವಾರ ಸೋಮವಾರವೇ. ಹಾಸಿಗೆ ಕುಗ್ಗಿದ ತಿಂಗಳು ಕಂತು ಕಟ್ಟಲು ಇನ್ನೊಂದು ಸಾಲ ತರುತ್ತಾರೆ. ಹೊಸ ಸಾಲ ಹುಟ್ಟುವುದು ಅಲ್ಲಿ, ಹಾಲಿನ ಲೋಟದಲ್ಲಿ ಅಲ್ಲ.

ನಮ್ಮ ವಾದ ಇಷ್ಟೇ. ಖರ್ಚು ಕಡಿಮೆ ಮಾಡಲೇಬೇಕು. ಆದರೆ ಮೊದಲು ಕಡಿಯಬೇಕಾದ ಖರ್ಚು ಬಡ್ಡಿ. ಅಡಿಗೆಮನೆ ಕೊನೆಗೆ. ಶಿಬಿರದವರು, ರೀಲ್ಸ್ ಮಾಡುವವರು, ನಮ್ಮಂಥ ಸುದ್ದಿಗಾರರು ಎಲ್ಲ ಸೇರಿ ಇದನ್ನು ತಲೆಕೆಳಗು ಮಾಡಿದ್ದೇವೆ.

ಯಾಕೆ ಹೀಗೆ ಆಯಿತು? ಅಡಿಗೆಮನೆಯ ಖರ್ಚು ಕಣ್ಣಿಗೆ ಕಾಣುತ್ತದೆ. ಬಡ್ಡಿ ಕಾಣದ ಹಾಗೆ ಇಟ್ಟಿದ್ದಾರೆ. ಒಂದೊಂದಾಗಿ ಬಿಡಿಸಿ ನೋಡೋಣ.

ಆ 50,000ದ ಸಾಲಕ್ಕೆ 'ನೂರಕ್ಕೆ ಒಂದೇ ರೂಪಾಯಿ ಬಡ್ಡಿ' ಅಂದಿದ್ದರು. ವರ್ಷಕ್ಕೆ 12 ಅಂದುಕೊಂಡರು. ಎರಡು ವರ್ಷಕ್ಕೆ 12,000 ಬಡ್ಡಿ ಸೇರಿಸಿ, 62,000ವನ್ನು 24 ಕಂತು ಮಾಡಿದರು. ಆದರೆ ಅಸಲು ಪ್ರತಿ ತಿಂಗಳು ಕರಗುತ್ತದೆ. ಕೊನೆಯ ತಿಂಗಳು ಎರಡೂವರೆ ಸಾವಿರ ಬಾಕಿ ಇದ್ದಾಗಲೂ ಪೂರ್ತಿ 50,000ಕ್ಕೇ ಬಡ್ಡಿ ಹಾಕಿದ ಲೆಕ್ಕ ಅದು. ಕರಗುವ ಅಸಲಿನ ಮೇಲೆ ಲೆಕ್ಕ ಹಾಕಿದರೆ ಬಡ್ಡಿ ವರ್ಷಕ್ಕೆ ಸುಮಾರು ಶೇಕಡ 21.5 ಆಗುತ್ತದೆ.

ದಿನದ ಫೈನಾನ್ಸ್‌ನವರು 10,000 ಅಂತ ಬರೆದು, ಕೊಡುವಾಗಲೇ 1,000 ಹಿಡಿದು 9,000 ಕೊಡುತ್ತಾರೆ. ನೂರು ದಿನ ನೂರು ನೂರು ಕಟ್ಟಬೇಕು. 'ಸಾವಿರ ತಾನೇ' ಅನಿಸುತ್ತದೆ. ದಿನವೂ ಅಸಲು ಕಟ್ಟುತ್ತಾ ಹೋಗುವುದರಿಂದ ವರ್ಷದ ಲೆಕ್ಕದಲ್ಲಿ ಅದು ಶೇಕಡ 75ನ್ನು ದಾಟುತ್ತದೆ. ನೂರು ದಿನ ಮುಗಿದ ಸಂಜೆಯೇ ಮತ್ತೆ ಹೊಸ ಪುಸ್ತಕ.

ಕೈಸಾಲ ನೂರಕ್ಕೆ ಐದು ಅಂದರೆ ವರ್ಷಕ್ಕೆ ಶೇಕಡ 60. ಈ ಮನೆಯವರು ಎರಡು ವರ್ಷದಿಂದ ಕಟ್ಟುತ್ತಿದ್ದರು. 24,000 ಬಡ್ಡಿ ಹೋಗಿದೆ. ಅಸಲು 20,000 ಹಾಗೇ ಇದೆ.

ಈಗ ಎರಡು ಲೆಕ್ಕ ಪಕ್ಕಪಕ್ಕ ಇಡಿ. ಮಕ್ಕಳ ಹಾಲು ಪೂರ್ತಿ ನಿಲ್ಲಿಸಿದರೂ ವರ್ಷಕ್ಕೆ ಉಳಿಯುವುದು 8,400 ರೂಪಾಯಿ. ಮನೆಯಲ್ಲಿ ಸುಮ್ಮನೆ ಇದ್ದ ಕಿವಿಯೋಲೆಯನ್ನು ಬ್ಯಾಂಕಿನಲ್ಲಿ ಅಡವಿಟ್ಟು ಕೈಸಾಲ ಚುಕ್ತಾ ಮಾಡಿದರೆ? ಚಿನ್ನದ ಸಾಲಕ್ಕೆ ಬ್ಯಾಂಕಿನ ಬಡ್ಡಿ ಶೇಕಡ 10 ಅಂತಲೇ ಹಿಡಿಯಿರಿ. 12,000 ಬಡ್ಡಿ 2,000ಕ್ಕೆ ಇಳಿಯುತ್ತದೆ. ಉಳಿಯುವುದು 10,000. ಹಾಲಿಗೆ ಕೈ ಹಾಕದೆ, ಹಾಲಿನ ದುಡ್ಡಿಗಿಂತ ಹೆಚ್ಚು. ಗಡುವು ಮಾತ್ರ ಮರೆಯಬಾರದು, ಮರೆತರೆ ಒಡವೆ ಹರಾಜಿಗೆ ಹೋಗುತ್ತದೆ. ಚಿನ್ನ ಇಲ್ಲದ ಮನೆಯವರು ಸ್ತ್ರೀಶಕ್ತಿ ಅಥವಾ ಸಂಜೀವಿನಿ ಸ್ವಸಹಾಯ ಸಂಘದಲ್ಲಿ ಕಡಿಮೆ ಬಡ್ಡಿಗೆ ಸಾಲ ಸಿಗುತ್ತದೆಯೇ ಎಂದು ಮೊದಲು ಕೇಳಬೇಕು. ಕಡಿಮೆ ಬಡ್ಡಿಯ ಸಾಲ ತಂದು ಹೆಚ್ಚು ಬಡ್ಡಿಯದನ್ನು ಮುಚ್ಚುವುದು ಬೇರೆ, ಕಂತು ಕಟ್ಟಲು ಸಾಲ ತರುವುದು ಬೇರೆ. ಮೊದಲನೆಯದರಲ್ಲಿ ಹಳೆಯ ಚೀಟಿ ಹರಿದುಹೋಗಬೇಕು. ಹರಿಯದಿದ್ದರೆ ಅದು ಎರಡನೆಯದೇ.

ಇನ್ನು ಕಾನೂನಿನ ಮಾತು. 2025ರ ಜನವರಿಯಲ್ಲಿ ಇದೇ ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳು ಸಾಲ ವಸೂಲಿಯ ಕಾಟ ತಾಳದೆ ತಾಳಿಯನ್ನು ಅಂಚೆಯಲ್ಲಿ ಮುಖ್ಯಮಂತ್ರಿಗೆ ಕಳಿಸಿದರು. ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು. ನೋಂದಣಿ ಇಲ್ಲದೆ ಸಾಲ ಕೊಟ್ಟು ದಬ್ಬಾಳಿಕೆ ಮಾಡುವವರಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಎಂದು ಅದರಲ್ಲಿದೆ. ರಿಸರ್ವ್ ಬ್ಯಾಂಕ್ ನೋಂದಣಿ ಇರುವ ಕಂಪನಿಗಳಿಗೆ ರಿಸರ್ವ್ ಬ್ಯಾಂಕಿನದೇ ನಿಯಮ ಇದೆ, 2022ರ ಏಪ್ರಿಲ್‌ನಿಂದ. ಯಾವ ಶಿಬಿರದಲ್ಲೂ ಇದನ್ನು ಓದಿ ಹೇಳಿದ್ದು ನಾವು ಕೇಳಿಲ್ಲ. ಇಲ್ಲಿ ಓದಿಕೊಳ್ಳಿ.

ವರ್ಷಕ್ಕೆ 3 ಲಕ್ಷದವರೆಗೆ ಆದಾಯ ಇರುವ ಮನೆಗೆ ಅಡಮಾನ ಇಲ್ಲದೆ ಕೊಡುವ ಸಾಲಕ್ಕೆ ಈ ನಿಯಮ. ಆ ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರುವಂತೆ ಸಾಲ ಕೊಡಬಾರದು. ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕಬಾರದು. ತಡವಾದರೆ ಬಾಕಿ ಬಿದ್ದ ಕಂತಿಗೆ ಮಾತ್ರ ದಂಡ, ಪೂರ್ತಿ ಸಾಲಕ್ಕಲ್ಲ. ಸಾಲದ ಜೊತೆ ವಿಮೆಯನ್ನೋ ಇನ್ನೊಂದನ್ನೋ ಬಲವಂತವಾಗಿ ಕಟ್ಟಬಾರದು. ಸಾಲದ ಕಾರ್ಡು ನಮಗೆ ತಿಳಿಯುವ ಭಾಷೆಯಲ್ಲಿ ಇರಬೇಕು. ಬೆಳಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಫೋನ್ ಮಾಡಬಾರದು. ನೆಂಟರನ್ನು, ಗೆಳೆಯರನ್ನು ಪೀಡಿಸಬಾರದು.

ನಮ್ಮಂಥ ಸ್ವಂತ ದುಡಿಮೆಯವರಿಗೆ ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ವಾರಕ್ಕೋ, ಹದಿನೈದು ದಿನಕ್ಕೋ, ತಿಂಗಳಿಗೋ, ಸಾಲಗಾರರ ಅಗತ್ಯ ನೋಡಿ ಕಂತಿನ ಅವಧಿಗೆ ಅವಕಾಶ ಕೊಡಬೇಕು ಎಂದು ಆ ನಿಯಮ ಹೇಳುತ್ತದೆ. ಕೇಳಿದವರು ಎಷ್ಟು ಜನ? ಕಂಪನಿಯವರಿಗೆ ಲಿಖಿತ ದೂರು ಕೊಟ್ಟು 30 ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿಗೇ ದೂರು ಹೋಗಬಹುದು. ವಿಚಾರಿಸಲು ಫೋನ್ ಸಂಖ್ಯೆ 14448.

'ಹಾಗಾದರೆ ಮನೆಯಲ್ಲಿ ಏನೂ ಕಡಿಮೆ ಮಾಡುವುದು ಬೇಡವೇ?' ಅನ್ನುವವರಿಗೂ ಉತ್ತರ ಇದೆ. ಮಾಡಬೇಕು. ಆದರೆ ಶಿಬಿರದಲ್ಲಿ 'ತಾಯಂದಿರೇ' ಎಂದು ಮಾತ್ರ ಯಾಕೆ ಕರೆದರು? ಅದೇ ಮನೆಯ ಯಜಮಾನರು ದಿನಕ್ಕೆ 40 ರೂಪಾಯಿ ಗುಟ್ಕಾ ತಿನ್ನುತ್ತಿದ್ದರು. ತಿಂಗಳಿಗೆ 1,200. ಮಕ್ಕಳ ಹಾಲಿಗಿಂತ 500 ಹೆಚ್ಚು. ಲೆಕ್ಕ ಬರೆಯುವಾಗ ಅವರಾಗಿಯೇ ಅದನ್ನು ಹೇಳಲಿಲ್ಲ. ಮಗಳು ಹೇಳಿದಳು. ಗಂಡಸರ ಗುಟ್ಕಾ, ಬಾರು, ಮೊಬೈಲಿನ ಜೂಜು ಯಾವ ಉಪನ್ಯಾಸಕರ ಪಟ್ಟಿಯಲ್ಲೂ ಬರುವುದಿಲ್ಲ. ಮನೆ ಖರ್ಚು ಅಂದರೆ ಹೆಂಗಸರ ಖರ್ಚು ಎಂದು ಎಲ್ಲರೂ ಒಪ್ಪಿಕೊಂಡಂತಿದೆ. ನಾವು ಒಪ್ಪುವುದಿಲ್ಲ.

ಅದಾದ ಮೇಲೆ ಜನ ಏನಂದಾರು ಅನ್ನುವ ಖರ್ಚು. ನೆಂಟರ ಮದುವೆಗೆ ಆಯೇರಿ, ಜಾತ್ರೆಗೆ ಊರೂಟ, ಹುಟ್ಟುಹಬ್ಬಕ್ಕೆ ಫ್ಲೆಕ್ಸ್. ಸಾಲ ತಂದು ಮಾಡಿದ ಆಯೇರಿಯನ್ನು ಅವರು ನೆನಪಿಡುವುದಿಲ್ಲ, ನಾವು ಕಂತು ಕಟ್ಟುವಾಗ ನೆನೆಯುತ್ತೇವೆ. ಇದನ್ನು ಒಬ್ಬೊಬ್ಬರೇ ಬಿಡುವುದು ಕಷ್ಟ. ಓಣಿಯ ಹತ್ತು ಮನೆ ಕೂಡಿ ಬಿಟ್ಟರೆ ಸುಲಭ.

ಕಡಿಯಬಾರದ್ದೂ ಇದೆ. ಅತ್ತೆಯ ಬಿಪಿ ಮಾತ್ರೆ ನಿಲ್ಲಿಸಿದರೆ ನಾಳೆ ಆಸ್ಪತ್ರೆಯ ಸಾಲ. ಹೊಲಿಗೆ ಯಂತ್ರದ ರಿಪೇರಿ ಮುಂದಕ್ಕೆ ಹಾಕಿದರೆ ದೀಪಾವಳಿಯ ಹೊಲಿಗೆ ಕೈತಪ್ಪುತ್ತದೆ. ಚಹಾದ ಹಾಲಿಗೆ ನೀರು ಹೆಚ್ಚು ಮಾಡಿದರೆ ಗಿರಾಕಿ ಎದುರಿನ ಅಂಗಡಿಗೆ ಹೋಗುತ್ತಾನೆ. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ವಿಮೆ ಬಿಡಬೇಡಿ, ಅಪಘಾತದಲ್ಲಿ ಜೀವ ಹೋದರೆ 2 ಲಕ್ಷ ಬರುತ್ತದೆ. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಯೋಜನೆಯಲ್ಲಿ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಕಾರ್ಡು ಮಾಡಿಸಿ ಇಟ್ಟುಕೊಳ್ಳಿ.

ಇನ್ನೊಂದು ಮಾತು ನಮಗೂ ಸೇರಿ. ಅಂಗಡಿಯ ದುಡ್ಡು, ಮನೆಯ ದುಡ್ಡು ಒಂದೇ ಡಬ್ಬಿಯಲ್ಲಿ ಇದ್ದರೆ ಯಾವುದು ಸೋರುತ್ತಿದೆ ಎಂದು ಗೊತ್ತಾಗುವುದಿಲ್ಲ. ನಾವು ಸುದ್ದಿಗಾರರೂ ಸಂಬಳದವರಲ್ಲ. ಪ್ರಕಟವಾದ ವರದಿಗೆ ಇಷ್ಟು ಎಂದು ಬರುತ್ತದೆ, ಅದೂ ಎರಡು ತಿಂಗಳು ತಡವಾಗಿ. ಬೈಕಿನ ಪೆಟ್ರೋಲನ್ನು ವರ್ಷಗಟ್ಟಲೆ ಮನೆ ಖರ್ಚಿನಲ್ಲೇ ಬರೆದು, ಮನೆಯಲ್ಲಿ ಖರ್ಚು ಹೆಚ್ಚಾಯಿತು ಎಂದು ಹೆಂಡತಿಯ ಮೇಲೆ ರೇಗಿದ್ದೇವೆ. ಬೇರೆ ಬರೆದ ಮೇಲೆ ತಿಳಿಯಿತು, ಕೆಲವು ಸುದ್ದಿಗೆ ಬಂದ ದುಡ್ಡು ಪೆಟ್ರೋಲಿಗೂ ಸಾಲುತ್ತಿರಲಿಲ್ಲ. ಎರಡು ಡಬ್ಬಿ ಇಡಿ. ಅಂಗಡಿಯ ಡಬ್ಬಿಯಿಂದ ಮನೆಯ ಡಬ್ಬಿಗೆ ವಾರಕ್ಕೊಮ್ಮೆ ಕೂಲಿ ಎಂದು ಕೊಡಿ. ಒಳ್ಳೆಯ ತಿಂಗಳಲ್ಲೂ ಆ ಕೂಲಿ ಹೆಚ್ಚಿಸಬೇಡಿ. ಹೆಚ್ಚಿಗೆ ಉಳಿದದ್ದು ಮಳೆಯ ತಿಂಗಳ ಕಂತಿಗೆ.

ಸುದ್ದಿಗಾರರಾಗಿ ತಪ್ಪೊಪ್ಪಿಗೆಯೂ ಇದೆ. ಯಾರಾದರೂ ಜೀವ ಕಳೆದುಕೊಂಡರೆ 'ಸಾಲಬಾಧೆ ತಾಳಲಾರದೆ' ಎಂದು ಬರೆದು ಮುಗಿಸುತ್ತೇವೆ. ಎಷ್ಟು ಬಡ್ಡಿ, ಯಾರು ಕೊಟ್ಟರು, ನೋಂದಣಿ ಇತ್ತೇ, ಮನೆಯ ಆದಾಯ ನೋಡಿ ಕೊಟ್ಟರೇ ಎಂದು ಕೇಳುವುದಿಲ್ಲ. ಇನ್ನು ಮೇಲೆ ಕೇಳುತ್ತೇವೆ. ಓದುವ ನೀವೂ ಮುಂದಿನ ಶಿಬಿರದಲ್ಲಿ ಇವೇ ಪ್ರಶ್ನೆ ಕೇಳಿ. ಇವತ್ತು ರಾತ್ರಿ ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಹಾಕಿ: ಯಾರ ಸಾಲ, ಕೈಗೆ ಬಂದದ್ದು ಎಷ್ಟು, ಇಲ್ಲಿಯವರೆಗೆ ಕಟ್ಟಿದ್ದು ಎಷ್ಟು, ಇನ್ನೂ ಬಾಕಿ ಎಷ್ಟು. ಗಂಡ ಹೆಂಡತಿ ಇಬ್ಬರೂ ಕುಳಿತು ಬರೆಯಿರಿ, ಬಚ್ಚಿಟ್ಟದ್ದನ್ನೂ ಬರೆಯಿರಿ. ಬಡ್ಡಿ ಎಲ್ಲಕ್ಕಿಂತ ಹೆಚ್ಚು ಇರುವುದಕ್ಕೆ ಮೊದಲು ಗೆರೆ ಎಳೆಯಿರಿ.

ಮೊನ್ನೆ ಆ ಚಾದಂಗಡಿಗೆ ಮತ್ತೆ ಹೋಗಿದ್ದೆವು. ಕಿವಿಯೋಲೆ ಬ್ಯಾಂಕಿನಲ್ಲಿದೆ, ಕೈಸಾಲ ಚುಕ್ತಾ ಆಗಿದೆ. ನೂರು ದಿನ ಮುಗಿದಾಗ ದಿನದ ಫೈನಾನ್ಸ್‌ನವರು ಹೊಸ ಪುಸ್ತಕ ತಂದರಂತೆ, ಯಜಮಾನರು ಬೇಡ ಅಂದರಂತೆ. ಗುಟ್ಕಾ ಪೂರ್ತಿ ಬಿಟ್ಟಿಲ್ಲ, ಅರ್ಧಕ್ಕೆ ಇಳಿದಿದೆ. ಸಂಘದ ಸಾಲ, ಫೈನಾನ್ಸ್‌ನ ಸಾಲ ಇನ್ನೂ ಇವೆ, ಮುಗಿಯಲು ವರ್ಷದ ಮೇಲೆ ಬೇಕು.

"ಹಾಲು?" ಎಂದು ಕೇಳಿದೆವು.

"ಅರ್ಧ ಲೀಟರ್ ಹಂಗ ಐತ್ರೀ ಅಣ್ಣಾರ," ಅಂದಳು. "ಅದನ್ನ ಮುಟ್ಟಿಲ್ಲ."